ಇಗ್ವಾನಾದ ಉದ್ದ

ಮೂವತ್ತು ವರ್ಷ ಊರವರ ಎದೆ, ಸೊಂಟ ಅಳೆದ ದರ್ಜಿಗೆ ಮನೆಯ ಇಗ್ವಾನಾವನ್ನು ಅಳೆಯುವುದೇ ತಲೆನೋವಾಯಿತು. ಹೊರದೇಶದ ಆ ಹಸಿರು ಹಲ್ಲಿಯನ್ನು ಅಂಗೈಯಷ್ಟಿದ್ದಾಗಿನಿಂದ ಸೊಪ್ಪು ತಿನ್ನಿಸಿ ಸಾಕಿದ್ದ. ಮೂರಡಿಗಿಂತ ಉದ್ದವಿದ್ದರೆ ಸರ್ಕಾರಕ್ಕೆ ಒಪ್ಪಿಸಬೇಕೆಂದು ಈಗ ಹೊಸ ಕಾನೂನು ಬಂದಿತ್ತು; ಸಾಕಿದವರು ಅದರ ಉದ್ದವನ್ನು ಫಾರಂನಲ್ಲಿ ಬರೆದುಕೊಡಬೇಕಿತ್ತು.

ಹೊಲಿಗೆ ಮೇಜಿನ ಮೇಲೆ ಟೇಪು ಹಾಸಿ ಅಳೆದ. ಮೂತಿಯಿಂದ ಬಾಲದ ಬುಡಕ್ಕೆ ಒಂದೂಕಾಲು ಅಡಿ, ಬಾಲದ ತುದಿಗೆ ನಾಲ್ಕಡಿ.

"ಏ, ಬಾಲಾನೂ ಲೆಕ್ಕಕ್ಕೆ ಬರುತ್ತಾ?" ಎಂದು ಹೆಂಡತಿಯನ್ನು ಕೇಳಿದ.

"ನನ್ನ ಕೇಳಿದ್ರೆ? ಅಳತೆ ತಗೊಳ್ಳೋರು ನೀವು. ಆಫೀಸಿಗೆ ಫೋನ್ ಮಾಡಿ."

ಆಫೀಸಿನ ಗುಮಾಸ್ತನಿಗೂ ಗೊಂದಲ. "ಫಾರಂನಲ್ಲಿ ಉದ್ದ ಅಂತ ಅಷ್ಟೇ ಇದೆ ಸ್ವಾಮಿ. ತಿಳಿದ ಹಾಗೆ ಬರೀರಿ. ತಪ್ಪಾದ್ರೆ ಮಾತ್ರ ಕೇಸಾಗುತ್ತೆ."

ದರ್ಜಿಗೆ ತಲೆಬುಡ ತಿಳಿಯಲಿಲ್ಲ. ಒಂದೂಕಾಲು ಎಂದು ಬರೆದರೆ ಸುಳ್ಳಾದೀತೇ? ನಾಲ್ಕು ಎಂದರೆ ಸಾಕಿದ ಕೂಸನ್ನು ಕೈಯಾರೆ ಕೊಟ್ಟಂತೆ. ಬಹಳ ಹೊತ್ತು ಪೆನ್ನು ಕಚ್ಚಿ, ಕೊನೆಗೆ ಏನೋ ಗೀಚಿದ.

"ಏನ್ ಬರೆದ್ರಿ?" ಹೆಂಡತಿ ಇಣುಕಿದಳು.

"ಅಂಗಿ ಬೇರೆ, ಪ್ಯಾಂಟ್ ಬೇರೆ ಬರೆಯೋ ಹಾಗೆ ಮೈ ಬೇರೆ, ಬಾಲ ಬೇರೆ ಬರೆದೆ. ಕೂಡೋದು ಅವರ ಕೆಲಸ."

"ಕೂಡಿಬಿಟ್ರೆ?"

ಅವನು ಫಾರಂ ಮಡಚಿಟ್ಟು, ಟೇಪು ಎಳೆದುಕೊಳ್ಳಲು ಹೋದ. ಇಗ್ವಾನಾ ಅದರ ಮೇಲೇ ಮೈಚಾಚಿ ನಿದ್ದೆಹೋಗಿತ್ತು. ಹಾಗೇ ಬಿಟ್ಟ.