ಹಲಸಿನ ನೆರಳಲ್ಲಿ ಅಳಿಯನ ಕಾರು

ನಾನು ದೇವರ ಪಟ ಒರೆಸುವುದು ಹಬ್ಬಕ್ಕೊಮ್ಮೆ. ಕಾರು ಒರೆಸುವುದು ದಿನಕ್ಕೆರಡು ಸಲ. ಈ ಮಾತನ್ನು ನನ್ನ ಹೆಂಡತಿ ಸುಮಿತ್ರ ಹೇಳಿದರೆ ಚಾಡಿಯಾಗುತ್ತದೆ, ನಾನೇ ಹೇಳಿಕೊಂಡರೆ ಪ್ರಾಮಾಣಿಕತೆಯಾಗುತ್ತದೆ ಎಂಬ ಲೆಕ್ಕಾಚಾರದಿಂದ ಮೊದಲೇ ಒಪ್ಪಿಕೊಂಡುಬಿಡುತ್ತಿದ್ದೇನೆ. ಮಂಡ್ಯದ ಹೈಸ್ಕೂಲೊಂದರಲ್ಲಿ ಗಣಿತ ಹೇಳಿಕೊಡುವ ನನಗೆ ಲೆಕ್ಕಾಚಾರ ಹೊಸದಲ್ಲ, ಕಾರು ಮಾತ್ರ ಹೊಸದು. ಬಣ್ಣ ಕಡುನೀಲಿ. ಷೋರೂಮಿನಲ್ಲಿ ಅದರ ಬಾಗಿಲಿನಲ್ಲಿ ನನ್ನ ಮುಖ ಕಂಡಿತು. ಮನೆಯ ಕನ್ನಡಿಯಲ್ಲಿ ಕಾಣುವುದಕ್ಕಿಂತ ಚೆನ್ನಾಗಿಯೇ ಕಂಡಿತು. ಕೊಂಡುಬಿಟ್ಟೆ. ಕಡುನೀಲಿಯ ಮೇಲೆ ಸೊಳ್ಳೆ ಕೂತರೂ ಎದ್ದು ಕಾಣುತ್ತದೆ ಎಂಬುದು ಆಮೇಲೆ ಗೊತ್ತಾಯಿತು.

ಬೇಸಿಗೆ ರಜೆ ಬಂದರೆ ಸುಮಿತ್ರ ಕಿರುಗಾವಲಿನ ಆಚೆಗಿರುವ ತವರಿಗೆ ಹೋಗಿ ಕೂರುತ್ತಾಳೆ. ನಾನು ಭಾನುವಾರಗಳಲ್ಲಿ ಹೋಗಿ ಉಂಡು ಬರುತ್ತೇನೆ. ಈ ವರ್ಷ ಮೊದಲ ಭಾನುವಾರ ಕಾರಿನಲ್ಲಿ ಹೋದಾಗ ನನ್ನ ಅತ್ತೆ ನಿಂಗಮ್ಮನವರು ಅಂಗಳಕ್ಕೆ ಬಂದು ಕಾರನ್ನು ನೋಡಿದರು, ನೆತ್ತಿಯ ಮೇಲಿನ ಸೂರ್ಯನನ್ನು ನೋಡಿದರು. ಆಮೇಲೆ ಹಲಸಿನ ಮರದ ಕೆಳಗೆ ಮೆಲುಕು ಹಾಕುತ್ತಿದ್ದ ಸೀಮೆಹಸುವನ್ನು ಬಿಚ್ಚಿ ಬಿಸಿಲಿನಲ್ಲಿದ್ದ ಗೂಟಕ್ಕೆ ಕಟ್ಟಿ, ಆ ಜಾಗವನ್ನು ಗುಡಿಸಿ, ನೀರು ಚಿಮುಕಿಸಿ, "ಅಳಿಯಂದ್ರೆ, ಇಲ್ ನಿಲ್ಸಿ ನಿಮ್ ಕಾರ" ಎಂದರು. ನಮ್ಮ ಕಡೆ ಅಳಿಯನಿಗೆ ಮಣೆ ಹಾಕುವುದು, ಬಾಡೂಟ ಹಾಕುವುದು ಇದ್ದದ್ದೇ. ಅಳಿಯನ ಕಾರಿಗೆ ಹಸುವಿನ ನೆರಳನ್ನೇ ಬಿಡಿಸಿ ಕೊಡುವುದು ಇವೆಲ್ಲಕ್ಕಿಂತ ದೊಡ್ಡ ಮರ್ಯಾದೆ. ನಾನು ಎದೆ ಉಬ್ಬಿಸಿ ಕಾರನ್ನು ಹಲಸಿನ ಕೆಳಗೆ ನಿಲ್ಲಿಸಿದೆ. ಹಸು ನನ್ನನ್ನೇ ನೋಡುತ್ತಿತ್ತು.

ಮರ್ಯಾದೆ ಅಷ್ಟಕ್ಕೇ ಮುಗಿಯಲಿಲ್ಲ. ಸುಮಿತ್ರಳ ತಮ್ಮ ಪುಟ್ಟರಾಜು, ಬಾವ ಬಂದಿದ್ದಾರೆಂದು ಮರ ಹತ್ತಿ, ಕಾರಿನ ಮೇಲೆಯೇ ತೂಗುತ್ತಿದ್ದ ಕಾಯೊಂದನ್ನು ಹಗ್ಗ ಕಟ್ಟಿ ಇಳಿಸಿದ. ಕಾಯಿ ಸುರಕ್ಷಿತವಾಗಿ ನೆಲಕ್ಕೆ ಬಂತು. ಅದು ಬಿಟ್ಟುಹೋದ ತೊಟ್ಟಿನಿಂದ ಮಾತ್ರ ಬಿಳಿಯ ಹಾಲು, ನಾವು ಒಳಗೆ ಮುದ್ದೆ ಮುರಿಯುತ್ತಿದ್ದಷ್ಟು ಹೊತ್ತೂ, ತೊಟತೊಟನೆ ಕಾರಿನ ನೆತ್ತಿಗೆ ಇಳಿಯಿತು. ಮಂಡ್ಯಕ್ಕೆ ಬಂದು ನೋಡಿದರೆ ಆ ಹಾಲೆಲ್ಲ ಕಂದು ಬಣ್ಣಕ್ಕೆ ತಿರುಗಿ, ಕಡುನೀಲಿ ಬಣ್ಣದ ಮೇಲೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು.

ಕಾರಿಗೆ ಅಂಟು ಬಿದ್ದವನಿಗೆ ಲೋಕದವರೆಲ್ಲ ವೈದ್ಯರಾಗಿ ಕಾಣಿಸಿಕೊಳ್ಳುತ್ತಾರೆ. ಎದುರು ಮನೆಯವರು ಸೀಮೆಎಣ್ಣೆ ಎಂದರು. ಸಹೋದ್ಯೋಗಿಯೊಬ್ಬರು ಪೆಟ್ರೋಲ್ ಎಂದರು. ಪಾತ್ರೆ ತಿಕ್ಕುವ ಪುಡಿಗೆ ಮೀರಿದ್ದು ಪ್ರಪಂಚದಲ್ಲೇ ಇಲ್ಲ ಎಂದು ನಮ್ಮ ಅಕ್ಕ ಫೋನಿನಲ್ಲಿ ಆಣೆ ಮಾಡಿದಳು. ಯಾರ ಮಾತನ್ನೂ ಕೇಳದೆ ಸ್ವತಂತ್ರ ಬುದ್ಧಿಯಿಂದ ಉಗುರಿನಲ್ಲಿ ಕೆರೆದೆ. ಅಂಟಿನ ಒಂದು ಚೂರು ಬಂತು, ಅದರ ಜೊತೆಗೆ ಕೂದಲೆಳೆಯಂಥ ಒಂದು ಗೀರೂ ಬಂತು. ಅಲ್ಲಿಂದ ಮುಂದೆ ನಾನು ವಿದ್ಯಾರ್ಥಿಯಾದೆ. ಓದಿ, ಕೇಳಿ, ಹೆದರಿ ಹೆದರಿ ಪ್ರಯೋಗ ಮಾಡಿ ಕಲಿತದ್ದು ಇಷ್ಟು: ಅಂಟನ್ನು ಎಂದೂ ಕೆರೆಯಬಾರದು, ನೆನೆಸಬೇಕು. ಮೆತ್ತನೆಯ ಬಟ್ಟೆಯನ್ನು ಸೋಪು ಬೆರೆಸಿದ ಬಿಸಿನೀರಿನಲ್ಲಿ ಅದ್ದಿ ಅದರ ಮೇಲೆ ಹಾಕಿ ಸುಮ್ಮನೆ ಕಾಯಬೇಕು. ಆಮೇಲೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ಮಗುವಿನ ಕೆನ್ನೆ ಒರೆಸುವಷ್ಟೇ ಮೆಲ್ಲಗೆ ಒರೆಸಬೇಕು. ಅದಕ್ಕೂ ಜಗ್ಗದ ಹಟಮಾರಿ ಅಂಟಿಗೆ, ಬೀರುವಿನಲ್ಲಿ ಉಳಿದುಕೊಂಡಿರುವ ಸ್ಯಾನಿಟೈಸರನ್ನು ಬಟ್ಟೆಗೆ ಹಾಕಿಕೊಂಡು ಒತ್ತಬೇಕು. ಅದನ್ನೂ ಮೊದಲು ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಪರೀಕ್ಷಿಸಬೇಕು. ಕೊನೆಗೆ ತೊಳೆದು, ಪಾಲಿಷ್ ಹಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಅಂಟು ಹಸಿಯಾಗಿರುವಾಗಲೇ ಇದನ್ನೆಲ್ಲ ಮುಗಿಸಬೇಕು. ಬಿಸಿಲಿಗೆ ಒಣಗಿತೋ, ಕೆಲಸ ಹತ್ತರಷ್ಟಾಯಿತು.

ಮರದ ಕಡೆಯಿಂದ ನೋಡಿದರೆ ಇದರಲ್ಲಿ ಅದರ ತಪ್ಪೇನೂ ಇಲ್ಲ. ನಮಗೆ ಗಾಯವಾದರೆ ರಕ್ತ ಹೆಪ್ಪುಗಟ್ಟುವಂತೆ ಅದು ತನ್ನ ಗಾಯಕ್ಕೆ ತಾನೇ ಪಟ್ಟಿ ಕಟ್ಟಿಕೊಳ್ಳುತ್ತದೆ. ಗಾಯ ಮಾಡಿದವನ ಬಾವನ ಕಾರು ಕೆಳಗಿದೆ ಎಂಬುದನ್ನು ಅದು ಹೇಗೆ ಗಮನಿಸೀತು? ಇನ್ನೂ ಒಂದು ವಿಷಯವಿದೆ. ನಮ್ಮ ಮದ್ದೂರು ದಾಟಿ ಬೆಂಗಳೂರಿನ ದಾರಿಯಲ್ಲಿ ಹೋದರೆ ಚನ್ನಪಟ್ಟಣದ ಮರದ ಬೊಂಬೆಗಳು ಮಿರಮಿರ ಮಿಂಚುತ್ತಾ ಕೂತಿರುತ್ತವಲ್ಲ, ಆ ಮಿಂಚು ಅರಗಿನದು. ಅರಗೆಂದರೆ ಮರದ ಕೊಂಬೆಗಳ ಮೇಲೆ ಹುಳು ಕಟ್ಟುವ ಅಂಟು. ಬೊಂಬೆಯ ಮೇಲಿನ ಅಂಟನ್ನು ಕಂಡು ನಾವು ಗಾಡಿ ನಿಲ್ಲಿಸುತ್ತೇವೆ, ಗಾಡಿಯ ಮೇಲಿನ ಅಂಟನ್ನು ಕಂಡು ತಲೆ ಚಚ್ಚಿಕೊಳ್ಳುತ್ತೇವೆ. ಇಷ್ಟೆಲ್ಲ ತತ್ವ ಹೊಳೆದ ಮೇಲೂ ನನ್ನ ಕಾರಿನ ಕಲೆ ಕಂಡಾಗ ಕೈ ತಾನಾಗಿಯೇ ಒರೆಸುವ ಬಟ್ಟೆಗೆ ಹೋಗುವುದು ನಿಲ್ಲಲಿಲ್ಲ.

ಹಾಗಾದರೆ ಕಾರನ್ನು ಬೇರೆ ಕಡೆ ನಿಲ್ಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಿಮಗೆ ನನ್ನ ಅತ್ತೆ ಗೊತ್ತಿಲ್ಲ. ನಾನು ನೆರಳು ಬೇಡವೆಂದರೆ ಆಕೆ ಕೊಟ್ಟ ಮರ್ಯಾದೆಯನ್ನೇ ತಳ್ಳಿದಂತೆ. ಕಾರಣ ಹೇಳಿದೆನೋ, ಸಂಜೆಯೊಳಗೆ ಆ ಕೊಂಬೆ ನೆಲದ ಮೇಲಿರುತ್ತದೆ. ಹಿಂದೆ ನನ್ನ ಬೈಕು ತಿರುಗಿಸಲು ಕಷ್ಟವಾಯಿತೆಂದು ಬಟ್ಟೆ ಒಗೆಯುವ ಕಲ್ಲನ್ನೇ ಕೀಳಿಸಿ ಹಿತ್ತಲಿಗೆ ಹಾಕಿಸಿದವರು ಅವರು. ಆ ಕೊಂಬೆಯ ಕಾಯಿ ಊರಿನ ಅರ್ಧ ಮನೆಗಳಿಗೆ ಹಂಚಿಹೋಗುತ್ತದೆ. ಸುಮಿತ್ರಳಿಗೆ ಹೇಳಿದರೆ ಮರುಕ್ಷಣ ಅವ್ವನಿಗೆ ಹೇಳುತ್ತಾಳೆ. ಹೀಗಾಗಿ ಬಾಯಿ ಮುಚ್ಚಿಕೊಂಡು ಒಂದು ಉಪಾಯ ಮಾಡಿದೆ. ಉಂಡು ಕೈ ತೊಳೆದ ತಕ್ಷಣ ಏನಾದರೊಂದು ನೆಪ ಹೇಳಿ ಹೊರಡುವುದು. ಊರಾಚೆಯ ನಾಲೆಯ ಏರಿಯ ಮೇಲೆ ಕಾರು ನಿಲ್ಲಿಸಿ, ಫ್ಲಾಸ್ಕಿನ ಬಿಸಿನೀರು ತೆಗೆದು, ಹಸಿ ಅಂಟಿಗೆ ಒದ್ದೆ ಬಟ್ಟೆ ಹಾಕಿ, ಅದು ನೆನೆಯುವ ತನಕ ಕಲ್ಲಿನ ಮೇಲೆ ಕೂತು ನೀರು ನೋಡುವುದು.

ಡೈರಿಗೆ ಹಾಲು ಹಾಕಿ ಬರುವ ಚಿಕ್ಕಣ್ಣ ಎಂಬವರು ಒಮ್ಮೆ ಆ ದಾರಿಯಲ್ಲಿ ಬಂದರು. ನಾನು ಕೂತಿದ್ದನ್ನು ಕಂಡರು. ನಾನು ಮಂಡ್ಯ ಸೇರುವ ಮೊದಲೇ ಸುದ್ದಿ ಅತ್ತೆಯ ಮನೆ ಸೇರಿತು. ಊಟ ಮಾಡಿದವನೇ ಎದ್ದು ಹೋಗುವ ಅಳಿಯ, ನಾಲೆಯ ದಂಡೆಯಲ್ಲಿ ಒಬ್ಬನೇ ಕೂತು ನೀರು ನೋಡುತ್ತಾನೆ! ಅಳಿಯನಿಗೆ ಮುನಿಸಾಗಿದೆ ಎಂದು ಮನೆಯಲ್ಲಿ ತೀರ್ಮಾನವಾಯಿತು. ತಟ್ಟೆಗೆ ಒಳ್ಳೆಯ ತುಂಡು ಬೀಳಲಿಲ್ಲವೇ, ಮಾತಾಡಿಸಿದ್ದು ಸಾಲದಾಯಿತೇ ಎಂದು ವಿಚಾರಣೆ ನಡೆಯಿತು. ಪರಿಹಾರವಾಗಿ ಮರ್ಯಾದೆಯನ್ನು ಹೆಚ್ಚಿಸಲಾಯಿತು. ಮುಂದಿನ ಭಾನುವಾರ ಕಾರನ್ನು ಮರದ ಬುಡದ ತನಕ ಒಳಗೆ ಬಿಡಿಸಿದರು, ಒಂದು ಕಾಯಿಯ ಬದಲು ಎರಡು ಕಾಯಿ ಇಳಿಸಿದರು. ಅಂಟು ಹೆಚ್ಚಾಯಿತು. ನಾನು ಊಟದಿಂದ ಇನ್ನೂ ಬೇಗ ಎದ್ದೆ. ನಾನು ಬೇಗ ಎದ್ದಷ್ಟೂ ಮರ್ಯಾದೆ ಹೆಚ್ಚಿತು. ಶಾಲೆಗೆ ರಜೆಯಿರುವ ಮೇ ತಿಂಗಳಲ್ಲಿ, ಪೇಪರು ತಿದ್ದುವುದಿದೆ ಎಂದು ನಾನು ಹೇಳಿದ ಸುಳ್ಳಂತೂ ಅತ್ತೆಯ ಅನುಮಾನಕ್ಕೆ ಮೊಹರು ಒತ್ತಿಬಿಟ್ಟಿತು.

ಕೊನೆಗೊಂದು ಭಾನುವಾರ ಊಟ ಮುಗಿಸಿ ಎದ್ದು ಗೋಡೆಯ ಗೂಟಕ್ಕೆ ನೇತುಹಾಕಿದ್ದ ಕಾರಿನ ಕೀಲಿಗೆ ಕೈ ಹಾಕಿದರೆ ಕೀಲಿ ಇರಲಿಲ್ಲ. ಅದು ಜಗುಲಿಯ ಮೇಲೆ ಕೂತಿದ್ದ ಅತ್ತೆಯ ಮುಷ್ಟಿಯಲ್ಲಿತ್ತು.

"ಅಳಿಯಂದ್ರೆ, ಕುಂತ್ಕಳಿ. ನಮ್ ಕಡೆಯಿಂದ ಏನ್ ತಪ್ಪಾಗದೆ ಅದ್ನ ಯೋಳ್ಬುಟ್ಟು ಓಗಿ. ಕೈ ತೊಳುದ್ ತಕ್ಸಣ ಎದ್ದೋಯ್ತೀರ. ನಾಲೆ ತಾವ ಒಬ್ರೇ ಕುಂತ್ಕತೀರಂತೆ. ನನ್ ಮಗ್ಳು ಏನಾರ ಅಂದ್ಲಾ? ಇಲ್ಲಾ ನಾನೇ ಏನಾರ ಅಂದ್ನಾ?"

ಹೇಳುತ್ತಾ ಹೇಳುತ್ತಾ ಅವರ ಕಣ್ಣು ತುಂಬಿಬಂತು. ಒಂದು ಡಬ್ಬಿ ಬಣ್ಣಕ್ಕೋಸ್ಕರ ಈ ತಾಯಿಯನ್ನು ಎಷ್ಟು ದಿನ ನೋಯಿಸಿದೆ! "ಅಂಟು, ಅತ್ತೆ. ಹಲಸಿನ ಅಂಟು. ಕಾರಿನ ಮೇಲೆ ಬೀಳುತ್ತೆ. ಒಣಗೋದ್ರೊಳಗೆ ತೆಗೀಬೇಕು ಅಂತ ಓಡ್ತೀನಿ" ಎಂದುಬಿಟ್ಟೆ.

ಪುಟ್ಟರಾಜು ಮೊದಲು ನಕ್ಕ. ಸುಮಿತ್ರ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಅತ್ತೆ ಮಾತ್ರ ನಗಲಿಲ್ಲ. ಎದ್ದು ಹೋಗಿ ಕಾರಿನ ಮೇಲೆ ಬೆರಳಾಡಿಸಿ, ಬೆರಳನ್ನು ನೋಡಿಕೊಂಡು, ನನ್ನ ಕಡೆ ತಿರುಗಿದರು.

"ಇಷ್ಟೇಯಾ? ಇದ್ಕೋಸ್ಕರ ಅಸೂನ ಬಿಸ್ಲಲ್ ನಿಲ್ಸಿ, ಆಲ್ ಕರೆಯೋವಾಗ ಅದ್ರ ಕೈಲಿ ಒದಿಸ್ಕಂಡ್ನಲ್ಲ! ಬಾಯಿರ್ಲಿಲ್ವಾ ನಿಮ್ಗೆ? ಐಕ್ಳಿಗೆ ಅದೇನ್ ಪಾಟ ಯೋಳ್ಕೊಡ್ತೀರೋ ಕಾಣೆ."

ಹಸುವಾದರೂ ಒದ್ದು ತನ್ನ ಕಷ್ಟ ತಿಳಿಸಿತ್ತು. ನಾನು ಅದನ್ನೂ ಮಾಡಿರಲಿಲ್ಲ. ನಾನಂದುಕೊಂಡಂತೆಯೇ ಅತ್ತೆ "ಪುಟ್ರಾಜ, ಕೊಡ್ಲಿ ತತ್ತಾರ್ಲಾ" ಎಂದು ಕೂಗಿದರು. ಕೊಂಬೆ ಕಡಿದರೆ ಇನ್ನು ಈ ಮನೆಯಲ್ಲಿ ಉಣ್ಣುವುದಿಲ್ಲ ಎಂದು ನಾನು ಅಡ್ಡ ನಿಂತೆ. ಕಾರು ಬಿಸಿಲಿನಲ್ಲೇ ಇರಲಿ ಎಂದೆ. ಅಳಿಯನ ಕಾರು ಬಿಸಿಲಿನಲ್ಲಿ ನಿಂತರೆ ಊರವರ ಮುಂದೆ ತಲೆ ಎತ್ತುವುದು ಹೇಗೆ ಎಂದು ಅವರು. ಕೊನೆಗೆ ರಾಜಿಯಾಯಿತು. ಕೊಂಬೆ ಉಳಿಯಿತು, ಹಸು ನೆರಳಿಗೆ ಮರಳಿತು. ಅಂಗಳದ ಇನ್ನೊಂದು ಮಗ್ಗುಲಲ್ಲಿ ತೆಂಗಿನ ಗರಿ ಹೊದಿಸಿ ಕಾರಿಗೆಂದೇ ಒಂದು ಚಪ್ಪರ ಎದ್ದಿತು.

ಚಪ್ಪರದ ಕೆಳಗೆ ಕಾರು ನಿಲ್ಲಿಸಿದ ಮೊದಲ ಭಾನುವಾರ ನಾನು ಹೊಟ್ಟೆ ತುಂಬ ಉಂಡು, ಜಗುಲಿಯ ಮೇಲೆ ಗೊರಕೆ ಹೊಡೆದು, ಎದ್ದು ಬಂದು ನೋಡುತ್ತೇನೆ: ಮನೆಯ ಕೋಳಿಗಳಿಗೂ ಆ ತಂಪು ಹಿಡಿಸಿಬಿಟ್ಟಿದೆ. ಬಾನೆಟ್ಟಿನ ಮೇಲೆ ಕೆಂಪು ಹುಂಜವೊಂದು ಕೂತಿದೆ, ಅದರ ಹಿಂದೆ ಅದರ ಕಾಣಿಕೆ. ಬಣ್ಣ ತಿನ್ನುವುದರಲ್ಲಿ ಕೋಳಿಯ ಹಿಕ್ಕೆ ಹಲಸಿನ ಅಂಟಿಗೂ ಒಂದು ಕೈ ಮೇಲು ಎಂದು ನಾನು ಓದಿದ್ದೇನೆ. ನಾಲೆಯ ಏರಿ ಕಣ್ಣ ಮುಂದೆ ಬಂದದ್ದು ನಿಜ. ಆದರೆ ನೆಟ್ಟಗೆ ಅಡುಗೆಮನೆಯ ಬಾಗಿಲಿಗೆ ಹೋಗಿ, "ಅತ್ತೆ, ಹುಂಜ ಕಾರಿನ ಮೇಲೆ ಗಲೀಜು ಮಾಡಿದೆ" ಎಂದೆ.

ಅತ್ತೆ ಕೈ ಒರೆಸಿಕೊಳ್ಳುತ್ತಾ ಬಂದು ಹುಂಜವನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಅಷ್ಟು ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಇಂಗ್ ಯೋಳ್ಬೇಕು ಕಣಪ್ಪ! ಸಂದೆಗಂಟ ಇರು, ಇದ್ನೇ ಕುಯ್ದು ಸಾರ್ ಮಾಡಾಕ್ತೀನಿ."

ಮದುವೆಯಾದಂದಿನಿಂದ ಅಳಿಯಂದ್ರೆ, ಬನ್ನಿ, ಕೂರಿ ಎಂದೇ ಮಾತಾಡಿಸಿದವರು ಮಗನಿಗೆ ಹೇಳುವಂತೆ ನನಗೆ ‘ಇರು’ ಎಂದು ಏಕವಚನದಲ್ಲಿ ಹೇಳಿದ್ದು ಅದೇ ಮೊದಲು. ಆ ಸಂತೋಷದಲ್ಲಿ ಬಕೆಟ್ಟು ತುಂಬಿಸಿಕೊಂಡು, ನಡು ಅಂಗಳದಲ್ಲಿ, ಎಲ್ಲರ ಎದುರಿಗೇ ಕಾರು ತೊಳೆಯಲು ಕೂತೆ. ಹುಂಜ ಅಷ್ಟು ಹೊತ್ತಿಗೆ ಹಲಸಿನ ಮರದ ತುದಿ ಸೇರಿತ್ತು, ಕೆಳಗಿಳಿಯುವ ಲಕ್ಷಣವೇ ಇರಲಿಲ್ಲ.