ಕೆಂಪು ಚುಕ್ಕೆಯ ಲಿಂಟಲ್

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಕಾಂಕ್ರೀಟ್ ಲಿಂಟಲ್ ಎರಕ ಹೊಯ್ದು ಮಾರುವ ಅಂಗಳದಲ್ಲಿ ಮುದುಕರೊಬ್ಬರು ಕುಕ್ಕರಗಾಲಲ್ಲಿ ಕೂತು, ಒಂದು ಲಿಂಟಲಿನ ತುದಿಯನ್ನು ಮೊಳೆಯಿಂದ ಕೆರೆಯುತ್ತಿದ್ದಾರೆ. ಪುಡಿ ಉದುರುತ್ತದೆ, ಊದುತ್ತಾರೆ, ಮತ್ತೆ ಕೆರೆಯುತ್ತಾರೆ. ಕೊನೆಗೆ ಒಳಗಿನ ಕಂಬಿಯ ತುದಿ ಮೆಣಸಿನ ಕಾಳಿನಷ್ಟು ಕಾಣಿಸಿಕೊಳ್ಳುತ್ತದೆ.

"ಬಂದ್ರಪ್ಪ ಹಲ್ಲಿನ ಡಾಕ್ಟ್ರು," ಎನ್ನುತ್ತಾನೆ ಕಾವಲುಗಾರ. "ಹುಳುಕು ಸಿಕ್ತಾ ಮೇಸ್ತ್ರಿ?"

"ನಿನ್ನ ಬಾಯಿ ಬಿಟ್ರೆ ಇನ್ನೆಲ್ಲೂ ಇಲ್ಲ," ಎಂದು ಮೇಸ್ತ್ರಿ ತಲೆ ಎತ್ತದೆ ಹೇಳುತ್ತಾರೆ.

ಬಾಗಿಲು ಕಿಟಕಿಗಳ ನೆತ್ತಿಯ ಮೇಲೆ ಅಡ್ಡ ಮಲಗಿ ಗೋಡೆಯ ಭಾರ ಹೊರುವುದು ಲಿಂಟಲ್. ಗಾರೆ ಮೆತ್ತಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅದನ್ನು ಕೂರಿಸಿದವರೂ ಬೀಳುವುದಿಲ್ಲ. ಮೂವತ್ತೊಂದು ವರ್ಷದಿಂದ ಮೇಸ್ತ್ರಿಯದು ಇದೇ ಕೆಲಸ. ನಾಲ್ಕಡಿಯದೊಂದು ಅರವತ್ತೈದು ಕಿಲೋ ತೂಗುತ್ತದೆ. ಕೈ ನಡೆಯುತ್ತಿದ್ದ ಕಾಲದಲ್ಲಿ ದಿನಕ್ಕೆ ಆರು ಕೂರಿಸುತ್ತಿದ್ದರು. ಗೋಡೆಯ ಮೇಲೆ ಆಚೆಗೊಂದು ಗೇಣು, ಈಚೆಗೊಂದು ಗೇಣು ಕೂರಬೇಕು. ಕಂಬಿ ಕೆಳಗಿರಬೇಕು.

"ಭಾರ ಬಿದ್ರೆ ಹೊಟ್ಟೆ ಜೋಲತ್ತೆ. ಕಂಬಿ ಹೊಟ್ಟೇಲಿದ್ರೆ ತಡೆಯತ್ತೆ. ಬೆನ್ನಲ್ಲಿದ್ರೆ ಏನ್ ಬಂತು?" ಎಂದು, ಅವರ ಕೆಲಸ ನೋಡಲು ಬಂದ ನನಗೆ ಮೇಸ್ತ್ರಿ ವಿವರಿಸುತ್ತಾರೆ.

ಮುಂಚೆ ಮಾಲು ಕೊಡುತ್ತಿದ್ದ ಹಳೆಯ ಅಂಗಳದವರು ಲಿಂಟಲಿನ ಮೇಲ್ಮುಖಕ್ಕೆ ಒಂದು ಕೆಂಪು ಚುಕ್ಕೆ ಇಡುತ್ತಿದ್ದರು. ಚುಕ್ಕೆ ಆಕಾಶ ನೋಡಬೇಕು, ಅಷ್ಟೇ ಲೆಕ್ಕ. ಆ ಅಂಗಳ ಮುಚ್ಚಿತು. ಎರಡು ವರ್ಷದ ಹಿಂದೆ ಒಂದು ಮನೆಗೆ ಬೇರೆ ಕಡೆಯಿಂದ ಐದು ಲಿಂಟಲ್ ಬಂದವು. ಅವುಗಳಿಗೂ ಕೆಂಪು ಚುಕ್ಕೆ, ಕಂಬಿ ಕಾಣದಂತೆ ತುದಿಗಳಿಗೆಲ್ಲ ನುಣ್ಣಗೆ ಸಿಮೆಂಟು. ಮೇಸ್ತ್ರಿ ಕೇಳಲಿಲ್ಲ, ರೂಢಿಯಂತೆ ಚುಕ್ಕೆ ಮೇಲೆ ಮಾಡಿ ನಾಲ್ಕನ್ನು ಕೂರಿಸಿದರು. ಮನೆ ಮುಗಿದು ಉಳಿದ ಸಾಮಾನು ಸಾಗಿಸುವಾಗ ಐದನೆಯದು ಲಾರಿಯಿಂದ ಬಿದ್ದು ಒಡೆಯಿತು. ಕಂಬಿಗಳು ಚುಕ್ಕೆಯ ಬದಿಗೇ ಇದ್ದವು. ಈ ಹೊಸ ಅಂಗಳದವರ ಚುಕ್ಕೆ ಕಂಬಿಯಿರುವ ಬದಿಯ ಗುರುತು, ಅದು ನೆಲ ನೋಡಬೇಕಿತ್ತು.

ಅವತ್ತೇ ಮೇಸ್ತ್ರಿ ಮನೆ ಮಾಲೀಕರ ಬಳಿ ಹೋಗಿ ಹೇಳಿದರು. ಬಿಚ್ಚಿ, ಕೂಲಿಯಿಲ್ಲದೆ ಹೊಸದು ಕೂರಿಸಿಕೊಡುತ್ತೇನೆಂದರು. "ಬಣ್ಣ ಬಳಿದಾಯ್ತು, ಬಾಡಿಗೆಗೂ ಕೊಟ್ಟಾಯ್ತು, ಇನ್ನು ಅಪಶಕುನ ನುಡೀಬೇಡ" ಎಂಬ ಉತ್ತರ ಬಂತು. ನಗರಸಭೆಯ ಕಚೇರಿಗೆ ಮೂರು ಅರ್ಜಿ ಹೋದವು, ನೋಡಲು ಯಾರೂ ಬರಲಿಲ್ಲ. ಗುತ್ತಿಗೆದಾರರು ಮಾತ್ರ ಬೇಗ ಕೇಳಿಸಿಕೊಂಡರು. ತನ್ನ ತಪ್ಪನ್ನೇ ಸಾರುವವನು ನಾಳೆ ನಮ್ಮದನ್ನು ಮುಚ್ಚಿಡುತ್ತಾನೆಯೇ ಎಂಬುದು ಅವರ ಲೆಕ್ಕ. ಈಗ ವಾರಕ್ಕೆ ಎರಡು ದಿನ ಕರೆ ಬಂದರೆ ಹೆಚ್ಚು.

"ಬಾಯಿ ಮುಚ್ಕೊಂಡಿದ್ರೆ ಯಾರಿಗ್ರೀ ಗೊತ್ತಾಗ್ತಿತ್ತು ಅಂತ ಬೈದೆ," ಎನ್ನುತ್ತಾರೆ ಅವರ ಹೆಂಡತಿ. "ಅದಕ್ಕವರು, ಗೋಡೆಗೆ ಗೊತ್ತಲ್ವೇನೇ, ಅಂದ್ರು."

ತಿಂಗಳಿಗೊಮ್ಮೆ ಅವರು ಆ ಮನೆಗೆ ಹೋಗುತ್ತಾರೆ. ಈ ಬೆಳಿಗ್ಗೆ ನಾನೂ ಹಿಂದೆಯೇ ಮೆಟ್ಟಿಲು ಹತ್ತುತ್ತೇನೆ. ಬಾಡಿಗೆಗಿರುವ ಹೆಣ್ಣುಮಗಳು ಕಂಕುಳಲ್ಲಿ ಕೂಸನ್ನಿಟ್ಟುಕೊಂಡೇ ಬಾಗಿಲು ತೆಗೆಯುತ್ತಾಳೆ. ಮಲಗುವ ಕೋಣೆಯ ಕಿಟಕಿಯ ನಡುನೆತ್ತಿಯಿಂದ ಕೂದಲೆಳೆಯಂಥ ಬಿರುಕೊಂದು ಮೇಲಕ್ಕೆ ಹೋಗಿದೆ. ಅದರ ಪಕ್ಕದಲ್ಲಿ, ಬಿರುಕು ಕಾಣಿಸಿಕೊಂಡಂದಿನಿಂದ ತಿಂಗಳಿಗೊಂದರಂತೆ ಅದರ ತುದಿಗೆ ಮೇಸ್ತ್ರಿ ಎಳೆದ ಪೆನ್ಸಿಲ್ ಗೀಟುಗಳು, ಒಂದರ ಮೇಲೊಂದು ಐದು. ಬಿರುಕು ಇವತ್ತು ಐದನೆಯದನ್ನೂ ದಾಟಿ ಎರಡು ಬೆರಳು ಮುಂದಿದೆ. ಕೆಳಗೆ, ಕಿಟಕಿಗೆ ಒತ್ತಿಕೊಂಡೇ ತೊಟ್ಟಿಲಿದೆ.

"ತೊಟ್ಟಿಲನ್ನ ಒಳಗೋಡೆಗೆ ಸರಿಸಮ್ಮಾ," ಮೇಸ್ತ್ರಿ ಕೇಳುತ್ತಾರೆ. "ಕಾಲಿಗೆ ಬಿದ್ದು ಕೇಳ್ತೀನಿ."

"ಅಲ್ಲಿ ಬೀರು ಇದೆಯಲ್ಲ ಅಜ್ಜ. ಮಗೂಗೆ ಗಾಳಿನೂ ಬೇಕು." ಅವಳ ದನಿಯಲ್ಲಿ ಸಿಟ್ಟಿಲ್ಲ. "ಏನೂ ಆಗಲ್ಲ ಅಂತ ಓನರ್ ಹೇಳಿದಾರೆ. ನೀವು ಬಂದಾಗ್ಲೇ ನಂಗೆ ಭಯ ಆಗೋದು. ಇನ್ಮೇಲೆ ಬರ್ಬೇಡಿ, ತಪ್ಪು ತಿಳ್ಕೋಬೇಡಿ."

ಮೇಸ್ತ್ರಿ ಆರನೆಯ ಗೀಟು ಎಳೆಯುತ್ತಾರೆ. ಮೆಟ್ಟಿಲಿಳಿದು, ಬೀದಿಯ ಆಚೆ ಬದಿಯಲ್ಲಿ ನಿಂತು ಆ ಕಿಟಕಿಯನ್ನೇ ನೋಡುತ್ತಾರೆ. ಏನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ.

"ಕೆಲಸ ಚೆನ್ನಾಗಿ ಮಾಡ್ತೀನಿ ಅಂದಾಗ ಎಲ್ಲರೂ ನಂಬಿದ್ರು," ಎನ್ನುತ್ತಾರೆ. "ಕೆಟ್ಟಿದೆ ಅಂದಾಗ್ಲೂ ಒಬ್ಬರು ನಂಬ್ಲಿ."