ನಿಂತ ಕಾರಿನ ಕರೆಂಟು

೧೯೩೬ನೆಯ ಇಸವಿ ಫೆಬ್ರವರಿ ೧೨, ಬುಧವಾರ, ಮಧ್ಯಾಹ್ನ ಎರಡು ಗಂಟೆ ಐವತ್ತು ನಿಮಿಷ. ಮಳವಳ್ಳಿಯಿಂದ ಮದ್ದೂರಿಗೆ ಬರುವ ರಸ್ತೆಯಲ್ಲಿ, ಮದ್ದೂರು ಇನ್ನು ನಾಲ್ಕು ಮೈಲಿ ಎಂದು ಬರೆದ ಕಲ್ಲಿನ ಹತ್ತಿರ ನಮ್ಮ ತಂದೆಯವರ ಬ್ಯಾಟರಿ ಕಾರು ನಿಂತಿತು. ಅದು ಓಡುವಾಗಲೇ ಶಬ್ದ ಮಾಡದ ಕಾರು. ನಿಂತದ್ದು ನಮಗೆ ತಿಳಿದದ್ದು ಪಕ್ಕದ ಹುಣಸೆಮರ ಹಿಂದಕ್ಕೆ ಸರಿಯುವುದನ್ನು ಬಿಟ್ಟಾಗ.

ಕಾರಿನಲ್ಲಿ ಮೂವರಿದ್ದೆವು. ತಂದೆ ನಡೆಸುತ್ತಿದ್ದರು, ಅಕ್ಕ ಹಿಂದೆ ದಿಂಬಿಗೆ ಒರಗಿದ್ದಳು, ನಾನು ಮುಂದೆ ಪುಸ್ತಕ ಹಿಡಿದು ಕೂತಿದ್ದೆ. ಅಕ್ಕನಿಗೆ ಏಳು ತಿಂಗಳು ತುಂಬುವುದು ಆ ದಿನಕ್ಕೆ. ಮಾರನೆಯ ದಿನದಿಂದ ಎಂಟನೆಯ ತಿಂಗಳು, ಎಂಟರಲ್ಲಿ ಬಸುರಿಯನ್ನು ಪ್ರಯಾಣ ಮಾಡಿಸುವುದಿಲ್ಲ. ಹಿಂದಿನ ಸಲ ಮಳೆಯ ದೆಸೆಯಿಂದ ತಡವಾಗಿ, ಎಂಟು ಹಿಡಿದು, ಅವಳು ಗಂಡನ ಊರಾದ ಮಳವಳ್ಳಿಯಲ್ಲೇ ಉಳಿದಿದ್ದಳು. ಆ ಮಗು ನಮಗೆ ದಕ್ಕಲಿಲ್ಲ. ಈ ಸಲ ಅವಳು ಮಂಡ್ಯದ ನಮ್ಮ ಮನೆಯಲ್ಲಿ, ಲೇಡಿ ಡಾಕ್ಟರ ಕೈಗೆ ಎಟಕುವ ಹಾಗೆ ಇರಬೇಕು ಎಂದು ತಂದೆ ನಿಶ್ಚಯ ಮಾಡಿದ್ದರು. ಮದ್ದೂರಿನಿಂದ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಮಂಡ್ಯದ ರೈಲು. ಅದು ತಪ್ಪಿದರೆ ಬುಧವಾರ ಮುಗಿಯಿತು.

ಬಸ್ಸಿನಲ್ಲಿ ಏಕೆ ಕರೆತರಲಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಅಕ್ಕನಿಗೆ ಆ ತಿಂಗಳುಗಳಲ್ಲಿ ಪೆಟ್ರೋಲಿನ ವಾಸನೆ ಬಂದರೆ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಎತ್ತಿನ ಗಾಡಿಯ ಕುಲುಕಾಟ ಕೂಡದೆಂದು ಡಾಕ್ಟರು ಹೇಳಿದ್ದರು. ವಾಸನೆಯೂ ಇಲ್ಲದ, ಕುಲುಕದೆ ಮೆಲ್ಲಗೆ ಹೋಗುವ ಗಾಡಿ ನಮ್ಮ ಸೀಮೆಗೆಲ್ಲ ಒಂದೇ ಒಂದು, ಅದು ನಮ್ಮ ಮನೆಯಲ್ಲಿತ್ತು. ತಂದೆ ವಕೀಲರು. ಒಮ್ಮೆ ಸ್ನೇಹಿತರ ಕಾರಿನ ಇಂಜಿನ್ ಹೊರಡಿಸಲೆಂದು ಅದರ ಮೂತಿಗೆ ಹ್ಯಾಂಡಲ್ ಹೊಡೆಯಲು ಹೋಗಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದರು. ವಿಲಾಯಿತಿಗೆ ಹಿಂದಿರುಗುತ್ತಿದ್ದ ಒಬ್ಬ ಬಿಳಿಯ ದೊರೆ ಬೆಂಗಳೂರಿನಲ್ಲಿ ಬಿಟ್ಟುಹೋಗುವುದಕ್ಕಿದ್ದ ಈ ಹಳೆಯ ಕಾರಿಗೆ ಹ್ಯಾಂಡಲೇ ಇಲ್ಲವೆಂದು ಕೇಳಿ ಅದನ್ನೇ ತಂದರು. ಸೀಟಿನ ಕೆಳಗೂ ಮುಂದಿನ ಮೂತಿಯಲ್ಲೂ ಸೇರಿ ಇಪ್ಪತ್ತನಾಲ್ಕು ಬ್ಯಾಟರಿ ಸೆಲ್ಲುಗಳು. ಕರೆಂಟು ತುಂಬಿಸುವುದು ಮದ್ದೂರಿನ ಒಂದು ಅಕ್ಕಿ ಗಿರಣಿಯಲ್ಲಿ. ಅಲ್ಲಿ ಎಣ್ಣೆ ಇಂಜಿನ್ನಿಗೆ ಬೆಲ್ಟು ಹಾಕಿ ಒಂದು ಡೈನಮೋ ತಿರುಗಿಸುತ್ತಿದ್ದರು. ತಂದೆ ಮದ್ದೂರಿನ ಕೋರ್ಟಿಗೆ ಹೋದ ದಿನ ಕಾರು ಗಿರಣಿಯಲ್ಲಿ ಕರೆಂಟು ಕುಡಿಯುವುದು, ಸಂಜೆ ಮಂಡ್ಯಕ್ಕೆ ಬರುವುದು, ಮತ್ತೆ ಕೋರ್ಟಿನ ದಿನ ಮದ್ದೂರಿಗೆ ಹೋಗುವುದು. ಒಂದು ಸಲ ತುಂಬಿಸಿದ್ದಕ್ಕೆ ಹೋಗಿಬರುವ ಇಪ್ಪತ್ತನಾಲ್ಕು ಮೈಲಿ.

ಡಿಸೆಂಬರ್ ಒಂದರಿಂದ ನಾನು ಇದಕ್ಕೊಂದು ಪುಸ್ತಕ ಇಟ್ಟಿದ್ದೆ. ತಾರೀಖು, ಮೈಲಿ, ಎಷ್ಟು ಜನ, ಗಾಳಿ ಎದುರೋ ಬೆನ್ನಿಗೋ, ಸೆಲ್ಲಿಗೆ ಹಾಕಿದ ನೀರು ಎಷ್ಟು. ಗಿರಣಿಯಲ್ಲಿ ಒಂದು ಗಾಜಿನ ನಳಿಕೆ ಇತ್ತು. ಅದರಲ್ಲಿ ಸೆಲ್ಲಿನ ಆಸಿಡ್ ಎಳೆದರೆ ಒಳಗೊಂದು ಬುರುಡೆ ತೇಲಿ ಅಂಕಿ ತೋರಿಸುವುದು. ತುಂಬಿದ್ದರೆ ೧೨೭೦, ಬರಿದಾದರೆ ೧೧೫೦. ಇಪ್ಪತ್ತನಾಲ್ಕು ಮೈಲಿ ಓಡಿ ಗಿರಣಿಗೆ ಬಂದಾಗ ಕೆಲವು ದಿನ ೧೧೯೫, ಕೆಲವು ದಿನ ೧೧೭೦. ಏಕೆ ಹೀಗೆ ಎಂದು ತಿಳಿಯದೆ ಸರಾಸರಿ ತೆಗೆದೆ. ೧೧೯೦ ಬಂತು. ಹಾಗಾದರೆ ಮೂರರಲ್ಲಿ ಎರಡು ಪಾಲು ಖರ್ಚು, ಒಂದು ಪಾಲು ಬಾಕಿ. ಆ ಲೆಕ್ಕಕ್ಕೆ ಕಾರು ಮೂವತ್ತಾರು ಮೈಲಿ ಓಡಬೇಕು. ಮದ್ದೂರಿನಿಂದ ಮಳವಳ್ಳಿಗೆ ಹೋಗಿ ಬರಲು ಮೂವತ್ತೆರಡು.

ಶನಿವಾರ ಸಂಜೆ ತಂದೆ ಜಗಲಿಯ ಮೇಲೆ ಕೂತು, "ಏನೋ, ನಿನ್ನ ಪುಸ್ತಕ ಏನನ್ನುತ್ತೆ?" ಎಂದರು.

"ಹೋಗಿ ಬರಬಹುದು ಅಪ್ಪ. ನಾಲ್ಕು ಮೈಲಿ ಉಳಿಯುತ್ತೆ" ಎಂದೆ.

ಅವರು ಎರಡನೆಯ ಮಾತು ಕೇಳಲಿಲ್ಲ. ಈಗ ನೆನೆದರೆ ಅವರು ಕೇಳಬೇಕಾಗಿತ್ತು ಅನ್ನಿಸುತ್ತದೆ.

ಭಾನುವಾರ ಎಲ್ಲ ಸೆಲ್ಲಿಗೂ ನೀರು ಹಾಕಿದೆ. ಸೋಮವಾರ ಮದ್ದೂರಿನಲ್ಲಿ ತುಂಬಿಸಿಕೊಂಡು, ೧೨೭೦ ಅಂಕಿಯನ್ನು ಎರಡು ಸಲ ನೋಡಿ, ಸಂಜೆಗೆ ಮಳವಳ್ಳಿ ತಲುಪಿದೆವು. ಹದಿನಾರು ಮೈಲಿ. ತೊಂದರೆ ಇರಲಿಲ್ಲ. ಮಂಗಳವಾರ ಹೆಣ್ಣುಮಗಳನ್ನು ಮನೆಯಿಂದ ಕಳಿಸುವುದಿಲ್ಲವಾದ್ದರಿಂದ ಅಂದು ಅಲ್ಲೇ ಉಳಿದೆವು. ಕಾರು ಭಾವನ ಮನೆಯ ಹಿತ್ತಿಲಿನಲ್ಲಿ ಎರಡು ರಾತ್ರಿ ನಿಂತಿತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಅದರ ದೀಪ ಹಚ್ಚಲಿಲ್ಲ, ಹಾರನ್ನಿನ ಬದಲು ಅದಕ್ಕಿದ್ದ ಗಂಟೆ ಬಾರಿಸಲಿಲ್ಲ. ನಿಂತ ಕಾರು ಏನನ್ನೂ ತಿನ್ನುವುದಿಲ್ಲವೆಂದು ನಂಬಿದ್ದರಿಂದ ಆ ಎರಡು ರಾತ್ರಿಗೆ ನನ್ನ ಪುಸ್ತಕದಲ್ಲಿ ಸಾಲೇ ಇಲ್ಲ. ಬುಧವಾರ ರಾಹುಕಾಲ ಕಳೆದ ಮೇಲೆ, ಒಂದು ಗಂಟೆ ನಲವತ್ತೈದು ನಿಮಿಷಕ್ಕೆ ಹೊರಟೆವು. ಹನ್ನೆರಡು ಮೈಲಿಗೆ ನಿಂತೆವು. ಒಟ್ಟು ಇಪ್ಪತ್ತೆಂಟಾಯಿತು. ನನ್ನ ಮೂವತ್ತಾರಕ್ಕೆ ಎಂಟು ಕಡಿಮೆ.

ತಂದೆ ಕಾರು ಹೊರಡಿಸುವ ಸನ್ನೆಕೋಲನ್ನು ಹಿಂದಕ್ಕೆ ಎಳೆದರು, ಮುಂದಕ್ಕೆ ತಳ್ಳಿದರು. ಕಾರು ಒಂದು ಸಲ ನಡುಗಿ ಸುಮ್ಮನಾಯಿತು. ನನ್ನ ಕಡೆ ತಿರುಗಿ ನೋಡಿದರು. ಅಕ್ಕ ಮಾತ್ರ ಇಳಿದು ಹುಣಸೆಮರದ ನೆರಳಿಗೆ ಹೋಗಿ ಕೂತಳು.

ಹತ್ತು ಹದಿನೈದು ನಿಮಿಷದಲ್ಲಿ ಒಬ್ಬ ಗೌಡರು ಎರಡು ಎತ್ತು ಹೊಡೆದುಕೊಂಡು ಬಂದರು. ಲಾಳ ಕಟ್ಟಿಸುವುದಕ್ಕೆ ಮದ್ದೂರಿಗೆ ಹೊರಟಿದ್ದರು. ಪೆಟ್ರೋಲು ಮುಗಿಯಿತೇ ಎಂದು ವಿಚಾರಿಸಿದರು. ಇದಕ್ಕೆ ಪೆಟ್ರೋಲು ಹಾಕುವುದಿಲ್ಲ, ಕರೆಂಟಿನಿಂದ ಓಡುತ್ತದೆ ಎಂದು ತಂದೆ ಹೇಳಿದರು. ಶಿವನಸಮುದ್ರದ ಕರೆಂಟಿನ ತಂತಿಗಳು ಅಲ್ಲಿಂದ ಸ್ವಲ್ಪ ದೂರದಲ್ಲಿ ದೊಡ್ಡ ಕಂಬಗಳ ಮೇಲೆ ಹಾದು ಹೋಗುತ್ತವೆ. ಗೌಡರು ಅವನ್ನು ನೋಡಿದರು, ಕಾರನ್ನು ನೋಡಿದರು.

"ಅಗೋ, ಮ್ಯಾಲೇ ಓಯ್ತಾ ಅದಲ್ಲ ಸ್ವಾಮಿ. ಒಂದು ದೋಟಿ ಕೊಕ್ಕೆ ಆಕಿ ಎಳ್ಕಳಾದಲ್ವ?"

ಆ ಕರೆಂಟು ಹಿಂದಕ್ಕೂ ಮುಂದಕ್ಕೂ ಓಡಾಡುವಂಥದ್ದು, ಅದು ಬ್ಯಾಟರಿಯಲ್ಲಿ ನಿಲ್ಲುವುದಿಲ್ಲ, ಒಂದೇ ಕಡೆಗೆ ಹರಿಯುವ ಕರೆಂಟು ಬೇಕು ಎಂದು ನಾನು ವಿವರಿಸಿದೆ. ಗಿರಣಿಯ ಮೇಸ್ತ್ರಿ ನನಗೆ ಹೇಳಿದ್ದನ್ನೇ ಹೇಳಿದ್ದು. ಹೇಳುವಾಗ ನನಗೂ ಅದು ಪೂರ್ತಿ ಅರ್ಥವಾಗಿಲ್ಲ ಎಂಬುದು ಗೊತ್ತಾಯಿತು. ಗೌಡರು ಎತ್ತು ಕಟ್ಟಿ ಎಳೆಸುತ್ತಿದ್ದರಂತೆ, ಆದರೆ ಒಂದು ಎತ್ತು ಕುಂಟುತ್ತಿತ್ತು. ಎಲೆ ಅಡಿಕೆ ಹಾಕಿಕೊಂಡು ಮುಂದೆ ಹೋದರು.

ತಂದೆ ಚಡಪಡಿಸುತ್ತಿದ್ದರು. ಅವರು ಮತ್ತೆ ಸನ್ನೆ ಮುಟ್ಟಲು ಹೋದಾಗ ಅಕ್ಕ ನನ್ನನ್ನು ಕರೆದು, "ಅದಕ್ಕೂ ನನ್ನ ಹಾಗೇ ಆಯಾಸ ಆಗಿದೆ ಕಣೋ. ಸ್ವಲ್ಪ ಹೊತ್ತು ಕೂರಲಿ ಅಂತ ಅಪ್ಪನಿಗೆ ಹೇಳು" ಎಂದಳು.

ತಮಾಷೆಗೆ ಹೇಳಿದ್ದು. ಬೇರೆ ಉಪಾಯವೂ ಇರಲಿಲ್ಲವಾಗಿ ಕೂತೆವು. ಮೂರು ಗಂಟೆ ಇಪ್ಪತ್ತೈದು ನಿಮಿಷಕ್ಕೆ ತಂದೆ ಸನ್ನೆ ತಳ್ಳಿದರು. ಕಾರು ಹೊರಟಿತು.

ಒಂದೂಕಾಲು ಮೈಲಿ ಓಡಿತು. ದಾರಿಯಲ್ಲಿ ಗೌಡರನ್ನು ದಾಟಿದೆವು, ತಂದೆ ಗಂಟೆಯನ್ನೂ ಬಾರಿಸಿದರು. ಬಾರಿಸಬಾರದಿತ್ತೇನೋ, ಆ ಗಂಟೆಗೂ ಅದೇ ಬ್ಯಾಟರಿ. ಮತ್ತೆ ನಿಂತೆವು. ನಲವತ್ತು ನಿಮಿಷ ಕೂತೆವು. ಅಷ್ಟರಲ್ಲಿ ಗೌಡರು ಬಂದು ಸೇರಿದರು.

"ಏನ್ ಸ್ವಾಮಿ, ನಮ್ಮ ಕುಂಟೆತ್ತಿಗೆ ಕಾಯ್ತಾ ಇದ್ರಾ?"

ನಾಲ್ಕು ಹದಿಮೂರಕ್ಕೆ ಹೊರಟು ಒಂದು ಮೈಲಿ. ಮೂರನೆಯ ಸಲ ನಿಂತಿದ್ದಾಗ ಮಳವಳ್ಳಿಯಿಂದ ಮದ್ದೂರಿಗೆ ಹೋಗುವ ಬಸ್ಸು ಬಂತು. ತಂದೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಅಕ್ಕ ಒಂದು ಕಾಲನ್ನು ಮೆಟ್ಟಿಲ ಮೇಲೆ ಇಟ್ಟವಳು ಹಾಗೇ ಇಳಿದು ರಸ್ತೆಯ ಅಂಚಿಗೆ ಓಡಿದಳು. ನಾನು ಚೊಂಬಿನ ನೀರು ಹಿಡಿದು ನಿಂತೆ. ಬಸ್ಸು ಹೋಯಿತು. ನಾಲ್ಕು ಐವತ್ತೊಂಬತ್ತಕ್ಕೆ ಹೊರಟು ಮುಕ್ಕಾಲು ಮೈಲಿ. ಐದು ನಲವತ್ತನಾಲ್ಕಕ್ಕೆ ಹೊರಟು ಅರ್ಧ ಮೈಲಿ. ಪ್ರತಿ ಸಲವೂ ಕೂತದ್ದು ಸುಮಾರು ಅಷ್ಟೇ ಹೊತ್ತು, ಓಡಿದ್ದು ಮಾತ್ರ ಪ್ರತಿ ಸಲವೂ ಕಡಿಮೆ. ಪ್ರತಿ ನಿಲುಗಡೆಯಲ್ಲೂ ಗೌಡರು ನಮ್ಮನ್ನು ಹಿಡಿಯುತ್ತಿದ್ದರು. ಕೊನೆಕೊನೆಗೆ ತಂದೆಯೇ ಅವರಿಗೆ ಎಲೆ ಅಡಿಕೆ ತೆಗೆದಿಡುತ್ತಿದ್ದರು.

ಐದು ನಲವತ್ತೆಂಟು. ಸ್ಟೇಷನ್ನಿಗೆ ಇನ್ನು ಅರ್ಧ ಮೈಲಿ. ರೈಲಿಗೆ ಮೂವತ್ತೆರಡು ನಿಮಿಷ. ಇನ್ನೊಂದು ಸಲ ಕೂತರೆ ರೈಲು ಹೋಗುತ್ತದೆ. ತಂದೆ ಗಡಿಯಾರ ನೋಡುತ್ತ, ಮದ್ದೂರಿನಲ್ಲೇ ಯಾರ ಮನೆಯಲ್ಲಾದರೂ ಒಂದು ತಿಂಗಳು ಬಿಡಬೇಕಾಗುತ್ತದೆಯೋ ಏನೋ ಎಂದು ತಮಗೆ ತಾವೇ ಹೇಳಿಕೊಂಡರು. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದಳು.

"ಮಧ್ಯಾಹ್ನದಿಂದ ಕೂತೂ ಕೂತೂ ಸಾಕಾಗಿದೆ. ನಡೀತೀನಿ ಅಪ್ಪ" ಎಂದಳು.

ಮೆಲ್ಲಗೆ ನಡೆದಳು. ತಂದೆ ಒಂದು ಪಕ್ಕ, ನಾನು ಗಂಟು ಹೊತ್ತು ಇನ್ನೊಂದು ಪಕ್ಕ. ಗೌಡರು ಎತ್ತುಗಳೊಡನೆ ಹಿಂದೆ ಬರುತ್ತಿದ್ದರು. ಲಾಳ ಕಟ್ಟುವವನ ಕಡೆಗೆ ತಿರುಗುವ ದಾರಿ ಬಂದಾಗ ನಿಂತು, "ಆ ಕಾರ್‌ಗಿಂತ ನೀನೇ ವಾಸಿ ಕಣಮ್ಮ. ವೋಗು, ಒಳ್ಳೇದಾಗ್ಲಿ" ಎಂದರು. ಆರು ಗಂಟೆ ಹನ್ನೆರಡು ನಿಮಿಷಕ್ಕೆ ಸ್ಟೇಷನ್ನಿನಲ್ಲಿದ್ದೆವು. ಅಕ್ಕ ಬುಧವಾರವೇ ಮಂಡ್ಯ ಸೇರಿದಳು. ಏಪ್ರಿಲ್‌ನಲ್ಲಿ ಹೆಣ್ಣು ಮಗು ಹುಟ್ಟಿತು, ಇಬ್ಬರೂ ಕ್ಷೇಮ.

ಇಷ್ಟಾದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮಾರನೆಯ ದಿನ ಕಾರನ್ನು ಗಿರಣಿಗೆ ತಳ್ಳಿಸಿದಾಗ ಮೇಸ್ತ್ರಿ ಒಂದೊಂದೇ ಸೆಲ್ಲು ನೋಡಿದರು. "ನೀರು ಯಾವ್ದು ಆಕ್ತಿದ್ರಿ ಸ್ವಾಮಿ?" ಎಂದು ಕೇಳಿದರು. ಶುದ್ಧವಾದ ಮಳೆನೀರು ಎಂದೆ. ಅದು ನಿಜ. ಅಕ್ಟೋಬರಿನ ಮಳೆಯಲ್ಲಿ ಅಂಗಳಕ್ಕೆ ನಾಲ್ಕು ಕೋಲು ನೆಟ್ಟು ಒಗೆದ ಪಂಚೆ ಕಟ್ಟಿ ಹಿಡಿದ ನೀರು. ಕಾರಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲಿ ಹೇಳಿದ್ದಂತೆ ಹೊಸ ಮಣ್ಣಿನ ಗಡಿಗೆಯಲ್ಲಿ ತುಂಬಿಸಿ, "ಅಜ್ಜಿ, ಈ ನೀರು ಶುದ್ಧವಾಗಿರಬೇಕು, ಯಾರೂ ಮುಟ್ಟಬಾರದು" ಎಂದು ಹೇಳಿ ಅಜ್ಜಿಯ ವಶಕ್ಕೆ ಕೊಟ್ಟಿದ್ದೆ. ಅಜ್ಜಿ ಅದನ್ನು ದೇವರಮನೆಯಲ್ಲಿ ಇಟ್ಟರು. ಬೇಕಾದಾಗ ನಾನು ಸೀಸೆ ಹಿಡಿದು ಹೊಸ್ತಿಲ ಹೊರಗೆ ನಿಲ್ಲಬೇಕು, ಅವರು ಮಡಿಯಲ್ಲಿ ಒಳಗಿನಿಂದ ತಂದು ಸುರಿಯುತ್ತಿದ್ದರು. ಇದಕ್ಕಿಂತ ಶುದ್ಧ ಯಾವುದಿದೆ?

ಅದನ್ನು ಯಾವುದರಲ್ಲಿ ಇಟ್ಟಿದ್ದೀರಿ ಎಂದು ಮೇಸ್ತ್ರಿ ಕೇಳಿದರು. ಮನೆಗೆ ಬಂದು ಅಜ್ಜಿಯನ್ನು ಕೇಳಿದೆ.

"ಸಂಕ್ರಾಂತಿಗೆ ಗಡಿಗೆ ತೆಗೆದು ತಾಮ್ರದ ಕೊಡಕ್ಕೆ ಹಾಕಿದೆ" ಎಂದರು. "ಮಣ್ಣಿನ ಪಾತ್ರೆ ಒಂದು ಸಲ ಮೈಲಿಗೆ ಆದರೆ ಆಯಿತು. ತಾಮ್ರವಾದರೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಸರಿಹೋಗುತ್ತೆ. ನೀನೇ ತಾನೆ ಶುದ್ಧವಾಗಿರಬೇಕು ಅಂದದ್ದು?"

ಕೊಡ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಪುಸ್ತಕದಲ್ಲಿ 'ಶುದ್ಧ ನೀರು ಹಾಕಿದೆ' ಎಂದು ಪ್ರತಿ ಸಲವೂ ನಾನೇ ಬರೆದಿದ್ದೇನೆ.

ತಾಮ್ರದ ಕಸರು ಒಳಗೆ ಸೇರಿದರೆ ಬ್ಯಾಟರಿ ನಿಂತಲ್ಲೇ ತನ್ನನ್ನು ತಾನು ತಿಂದುಕೊಳ್ಳುತ್ತದೆ ಎಂದು ಮೇಸ್ತ್ರಿ ಹೇಳಿದರು. ಎರಡು ದಿನ ಬಿಟ್ಟು, ಅದಲ್ಲದೆಯೂ ಇರಬಹುದು, ಮೂರು ಸೆಲ್ಲುಗಳು ವಯಸ್ಸಿನಿಂದಲೇ ಹೋಗಿವೆ ಎಂದರು. ಹೈಸ್ಕೂಲಿನ ನಮ್ಮ ಸೈನ್ಸ್ ಮೇಷ್ಟ್ರು, ಕೊಡದಲ್ಲಿಟ್ಟ ನೀರಿಗೆ ಎಷ್ಟು ತಾಮ್ರ ಬಂದೀತು ಎಂದು ನಕ್ಕರು. ನಾನು ಮತ್ತೆ ಪುಸ್ತಕ ತೆರೆದೆ. ೧೧೭೦ ಬಂದ ದಿನಗಳು ಒಟ್ಟು ನಾಲ್ಕು. ತಾರೀಖುಗಳಿಗೆ ವಾರ ಹಾಕಿ ನೋಡಿದರೆ ನಾಲ್ಕೂ ಸೋಮವಾರ! ಶನಿವಾರ ತುಂಬಿಸಿದ ಕಾರು ಭಾನುವಾರವೆಲ್ಲ ಕೊಟ್ಟಿಗೆಯಲ್ಲಿ ನಿಂತು ಸೋಮವಾರ ಮದ್ದೂರಿಗೆ ಹೋಗುತ್ತಿತ್ತು. ಅಂದರೆ ನಿಂತಾಗ ಕಳೆದುಕೊಳ್ಳುತ್ತಿತ್ತು, ನನ್ನ ಕಣ್ಣ ಮುಂದೆಯೇ. ತಾರೀಖು ಬರೆದವನು ವಾರ ಬರೆದಿರಲಿಲ್ಲ. ಆದರೆ ಆ ನಾಲ್ಕು ಸೋಮವಾರಗಳಲ್ಲಿ ಎರಡು ಸಂಕ್ರಾಂತಿಗೆ ಮುಂಚಿನವು. ಆಗ ನೀರು ಇನ್ನೂ ಮಣ್ಣಿನ ಗಡಿಗೆಯಲ್ಲೇ ಇತ್ತು. ಹಾಗಾದರೆ ತಪ್ಪು ಕೊಡದ್ದಲ್ಲ. ಅಥವಾ ಅರ್ಧ ಮಾತ್ರ ಕೊಡದ್ದು. ಅಷ್ಟರ ಮೇಲೆ ನನ್ನ ತಲೆ ಓಡುವುದಿಲ್ಲ.

ನಿಂತಾಗ ಕಳೆದುಕೊಳ್ಳುವುದಾದರೆ ಆ ಬುಧವಾರ ರಸ್ತೆಯಲ್ಲಿ ನಿಂತಾಗ ಗಳಿಸಿದ್ದು ಹೇಗೆ? ಪೂರ್ತಿ ಬರಿದಾಗಿ ನಿಂತ ಕಾರಿಗೆ ಮೂವತ್ತೈದು ನಿಮಿಷದಲ್ಲಿ ಒಂದೂಕಾಲು ಮೈಲಿಯ ಕರೆಂಟು ಎಲ್ಲಿಂದ ಬಂತು? ನಾಲ್ಕು ಸಲ ನಿಂತು ನಾಲ್ಕು ಸಲ ಓಡಿದ್ದು ಒಟ್ಟು ಮೂರೂವರೆ ಮೈಲಿ. ಯಾರೂ ತುಂಬಿಸಲಿಲ್ಲ. ಎರಡು ರಾತ್ರಿ ನಿಂತದ್ದಕ್ಕೆ ಕಳೆದು, ಅರ್ಧ ಮುಕ್ಕಾಲು ಗಂಟೆ ನಿಂತದ್ದಕ್ಕೆ ಕೊಡುವ ಈ ಪದಾರ್ಥಕ್ಕೆ ಯಾವ ಲೆಕ್ಕ ಹಾಕಲಿ?

ಮೂರು ಸೆಲ್ಲುಗಳನ್ನು ಬದಲಾಯಿಸಿದ್ದಾಗಿದೆ. ಕೊಡದ ನೀರು ಬಿಟ್ಟಿದ್ದೇನೆ, ಕಾರಣ ಅಜ್ಜಿಗೆ ಹೇಳಿಲ್ಲ. ತಂದೆ ಈಗ ಕೋರ್ಟಿಗೆ ರೈಲಿನಲ್ಲಿ ಹೋಗುತ್ತಾರೆ. ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ತಾಯಿ ಮಗು ಇಬ್ಬರನ್ನೂ ಮಳವಳ್ಳಿಗೆ ಕಳಿಸಬೇಕು. ಬಸ್ಸಿನ ಹೆಸರೆತ್ತಿದರೆ ಅಕ್ಕ ಈಗಲೂ ಮೂಗು ಮುಚ್ಚುತ್ತಾಳೆ, ಅದೇ ಕಾರಿನಲ್ಲಿ ಹೋಗುತ್ತೇನೆ ಎನ್ನುತ್ತಾಳೆ. ಮೊನ್ನೆ ಊಟಕ್ಕೆ ಕೂತಾಗ ತಂದೆ ಮತ್ತೆ, "ನಿನ್ನ ಪುಸ್ತಕ ಏನನ್ನುತ್ತೆ?" ಎಂದರು. ಪುಸ್ತಕ ಏನೂ ಅನ್ನುವುದಿಲ್ಲ ಎಂದೆ. ಈ ಸಲ ಕಾರಿನಲ್ಲಿ ಕೂಸೂ ಇರುತ್ತದೆ, ಸರಾಸರಿ ತೆಗೆದು ಹೂಂ ಎನ್ನಲಾರೆ.

ಬ್ಯಾಟರಿ ನಿಂತಲ್ಲಿ ಏಕೆ ಸೋರುತ್ತದೆ, ಕೂತಲ್ಲಿ ಹೇಗೆ ಚೇತರಿಸಿಕೊಳ್ಳುತ್ತದೆ, ತಾಮ್ರದ ಕೊಡಕ್ಕೂ ಇದಕ್ಕೂ ಸಂಬಂಧ ಉಂಟೇ, ಎಂಬುದನ್ನು ಬಲ್ಲವರು ಓದುಗರಲ್ಲಿ ಯಾರಾದರೂ ಇದ್ದರೆ ಈ ಪತ್ರಿಕೆಗೆ ಒಂದು ಕಾಗದ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ. ಕಂಡದ್ದಾದರೆ ತಾರೀಖಿನ ಜೊತೆಗೆ ವಾರವನ್ನೂ ಬರೆಯಿರಿ. ಬರೀ ಊಹೆಯಾದರೆ ಊಹೆ ಎಂದೇ ತಿಳಿಸಿ, ಅದಕ್ಕೂ ನನ್ನ ಪುಸ್ತಕದಲ್ಲಿ ಒಂದು ಕಾಲಮ್ಮು ಎಳೆದಿಟ್ಟಿದ್ದೇನೆ.